ಬೆಂಕಿಗಿಂತ ಮೊದಲು ಮಂದೆ

ಶಿವರಾತ್ರಿ ಹತ್ತಿರವಾಯಿತೆಂದರೆ ತುಮಕೂರು ಜಿಲ್ಲೆಯ ಸುದ್ದಿಪುಟಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ದೇವರಾಯನದುರ್ಗದ ಕಾಡಿಗೆ ಬೆಂಕಿ, ಸಿದ್ಧರಬೆಟ್ಟದ ತಪ್ಪಲಿಗೆ ಬೆಂಕಿ, ಮಧುಗಿರಿ ಬೆಟ್ಟದ ಮಗ್ಗುಲಿಗೆ ಬೆಂಕಿ. ಎಷ್ಟು ಎಕರೆ ಸುಟ್ಟಿತು, ಅಗ್ನಿಶಾಮಕ ವಾಹನ ಎಲ್ಲಿಯವರೆಗೆ ಹೋಯಿತು ಎಂಬ ವಿವರ ಮುಗಿದ ಮೇಲೆ ಕೊನೆಯಲ್ಲೊಂದು ಸಾಲು ಇರುತ್ತದೆ: ಕಿಡಿಗೇಡಿಗಳು ಇಲ್ಲವೇ ಕುರಿಗಾಹಿಗಳು ಹಚ್ಚಿರುವ ಶಂಕೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಕುರಿ ಕಾಯುವವನು ಕಾಡ್ಗಿಚ್ಚಿನ ಖಾಯಂ ಆರೋಪಿ.

ಇಲ್ಲಿ ಹೀಗಿರುವಾಗ ಕ್ಯಾಲಿಫೋರ್ನಿಯಾ, ಸ್ಪೇನ್, ಪೋರ್ಚುಗಲ್ ಕಡೆಗಳಲ್ಲಿ ಸರ್ಕಾರಗಳೇ ದುಡ್ಡು ಕೊಟ್ಟು ಕುರಿ, ಮೇಕೆ ಮಂದೆಗಳನ್ನು ಗುಡ್ಡಕ್ಕೆ ಕರೆಸುತ್ತಿವೆ. ಬೇಸಿಗೆಗೆ ಮುಂಚೆ ಹುಲ್ಲು, ಪೊದೆ ಮೇಯ್ದು ತೆಳುವಾದರೆ ಬೆಂಕಿಗೆ ತಿನ್ನಲು ಏನೂ ಸಿಗದು ಎಂಬುದು ಲೆಕ್ಕಾಚಾರ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿರುವುದರಿಂದ ಈ ಮಾತಿಗೆ ಈಗ ಇನ್ನಷ್ಟು ಬೆಲೆ ಬಂದಿದೆ. ನಮ್ಮಲ್ಲಿ ಗಾಳಿ ಬೀಸಿದ್ದು ಎದುರು ದಿಕ್ಕಿಗೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತ ಮೇಲೆ, 2025ರ ಜುಲೈನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಸಾಕುಪ್ರಾಣಿಗಳನ್ನು ಕಾಡಿಗೆ ಮೇಯಲು ಬಿಡದಂತೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ಅದೇ ವರ್ಷ, ವಲಸೆ ಕುರಿಗಾಹಿಗಳನ್ನು ದೌರ್ಜನ್ಯದಿಂದ ಕಾಪಾಡುವ ವಿಧೇಯಕಕ್ಕೂ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಎಡಗೈ ತಡೆದದ್ದನ್ನು ಬಲಗೈ ಕರೆಯಿತೋ ಏನೋ, ಕುರಿಗಾಹಿಗಂತೂ ಎರಡೂ ಸುದ್ದಿ ಒಟ್ಟಿಗೇ ತಲುಪಿದವು.

ಮಂದೆಯಿಂದ ಬೆಂಕಿ ತಡೆಯಬಹುದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾವ ನೆಲ, ಯಾವ ಗಿಡ, ಯಾವ ತಿಂಗಳು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ನನಗೆ ಕಾಣುವುದಿಷ್ಟು: ಮಂದೆ ಇಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ಬೆಂಕಿ ಬೀಳುವ ಕಾಲದಲ್ಲಿ ಅಲ್ಲ. ಅದಕ್ಕೆ ಮೂರು ತಿಂಗಳು ಮುಂಚೆ, ಗೊತ್ತುಮಾಡಿದ ಪಟ್ಟಿಗಳಲ್ಲಿ. ಈಗಿನ ಕಾನೂನು, ವಲಸೆಯ ಕ್ರಮ, ಇಲಾಖೆಯ ರೂಢಿ ಮೂರೂ ಸೇರಿ ಮಂದೆಯನ್ನು ಆ ತಿಂಗಳಲ್ಲಿ ಆ ಜಾಗದಿಂದ ದೂರ ಇಟ್ಟಿವೆ.

ಇಲ್ಲಿಯ ಬೆಟ್ಟಗಳು ಮಲೆನಾಡಿನವಲ್ಲ. ಬೋಳುಬಂಡೆ, ಬಂಡೆಯ ಸಂದಿಯಲ್ಲಿ ಗೇಣು ಮಣ್ಣು, ಆ ಮಣ್ಣಿನಲ್ಲಿ ಹುಲ್ಲು. ತಪ್ಪಲಿಗೆ ಇಳಿದರೆ ತಂಗಡಿ, ಕಾರೆ, ಬಂದರಿಕೆ, ಜಾಲಿ, ಅಲ್ಲಲ್ಲಿ ಕಮರ, ಕಗ್ಗಲಿ. ಶಿರಾ, ಪಾವಗಡದ ಕಡೆ ವರ್ಷದ ಮಳೆ 500ರಿಂದ 600 ಮಿ.ಮೀ. ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಹುಲ್ಲು ತೆನೆ ಬಿಡುವುದು ದಸರೆ ದೀಪಾವಳಿಯ ನಡುವೆ, ಬಣ್ಣ ತಿರುಗುವುದು ಕಾರ್ತಿಕದಲ್ಲಿ, ಕಡ್ಡಿಯಾಗುವುದು ಸಂಕ್ರಾಂತಿಯ ಹೊತ್ತಿಗೆ. ಆಮೇಲೆ ಏಪ್ರಿಲ್ ಕೊನೆಯ ಹದಮಳೆ ಬೀಳುವವರೆಗೆ ಅದು ನಿಂತಲ್ಲೇ ಒಣಸೌದೆ.

ಈ ಹುಲ್ಲನ್ನು ಯಾರು ತಿನ್ನುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದನ ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕೀಳುತ್ತದೆ, ಅದಕ್ಕೆ ಎತ್ತರದ ಹುಲ್ಲು ಬೇಕು. ಕುರಿಯ ಮೇಲ್ದುಟಿ ಸೀಳಿದೆ, ಬಾಯಿ ನೆಲಕ್ಕಂಟಿ ಹೋಗುತ್ತದೆ. ಬುಡದ ಎಳೆಗರಿಯನ್ನು ಹೆಕ್ಕಿ, ಪಕ್ಕದ ಒಣಕಡ್ಡಿಯನ್ನು ಬಿಟ್ಟು ಮುಂದೆ ಹೋಗುತ್ತದೆ. ಮೇಕೆ ಹಿಂಗಾಲ ಮೇಲೆ ನಿಂತು ಕಾರೆ, ಜಾಲಿಯ ಚಿಗುರಿಗೆ ಬಾಯಿ ಹಾಕುತ್ತದೆ. ಬಂದರಿಕೆಯನ್ನು ಮಾತ್ರ ಮೂರೂ ಮೂಸಿ ಬಿಡುತ್ತವೆ. ಅದರ ಎಲೆಗೆ ಅಂಟುರಾಳ, ಹಸಿಯಾಗಿದ್ದಾಗಲೂ ಚಟಪಟನೆ ಹೊತ್ತಿಕೊಳ್ಳುತ್ತದೆ. ಮಂದೆ ಮೇಯ್ದ ಗುಡ್ಡದಲ್ಲಿ ಬಂದರಿಕೆ ಹೆಚ್ಚುತ್ತದೆ ಎಂದು ಕುರಿ ಕಾಯುವವರೇ ಹೇಳುತ್ತಾರೆ. ಪಕ್ಕದ ಗಿಡವನ್ನೆಲ್ಲ ತಿಂದು ಇದನ್ನು ಬಿಟ್ಟರೆ ಹೆಚ್ಚದೆ ಇನ್ನೇನು? ಊಬಿನ ಹುಲ್ಲಿನದು ಇನ್ನೊಂದು ಕಥೆ. ತೆನೆ ಒಡೆಯುವ ಮೊದಲು ಅದು ಒಳ್ಳೆಯ ಮೇವು. ತೆನೆ ಬಲಿತ ಮೇಲೆ ಅದರ ಊಬು ತಿರುಪಿನಂತೆ ತಿರುಗಿ ಉಣ್ಣೆಗೆ ನುಗ್ಗಿ, ಚರ್ಮ ಕೊರೆದು, ಕೆಲವೊಮ್ಮೆ ಬಾಯಲ್ಲಿ ಹುಣ್ಣು ಮಾಡುತ್ತದೆ. ನವೆಂಬರ್ ಕೊನೆಯಲ್ಲಿ ಅಂಥ ಗುಡ್ಡಕ್ಕೆ ಮಂದೆ ಹೊಡೆಯಲು ಯಾರಿಗೂ ಮನಸ್ಸಿಲ್ಲ.

ಮನಸ್ಸು ಬಾರದ್ದಕ್ಕೆ ಹೊಟ್ಟೆಯ ಕಾರಣವೂ ಇದೆ. ಒಣಗಿದ ಹುಲ್ಲಿನಲ್ಲಿ ಸತ್ವ ಇಳಿದುಹೋಗಿರುತ್ತದೆ, ಮರಿ ಹಾಕಿದ ಕುರಿಗೆ ಅದರಿಂದ ಹಾಲು ಕಟ್ಟುವುದಿಲ್ಲ. ಆ ಹೊತ್ತಿಗೆ ನೀರಾವರಿ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆ ಬಿಡುವಾಗಿರುತ್ತದೆ. ಗೊಲ್ಲರಹಟ್ಟಿಗಳಿಂದ, ಕುರುಬರ ಕೇರಿಗಳಿಂದ ಮಂದೆಗಳು ಹೊರಡುತ್ತವೆ. ಕಂಬಳಿ, ದೋಟಿ, ಬಲೆ, ನಾಯಿ, ಕತ್ತೆಯ ಮೇಲೋ ಈಗೀಗ ಟೆಂಪೊದಲ್ಲೋ ಪಾತ್ರೆಪಗಡ. ಹೋದವರು ತಿರುಗಿ ಬರುವುದು ಮುಂಗಾರಿನ ಹೊತ್ತಿಗೆ. ಅಂದರೆ ಬೆಟ್ಟ ಉರಿಯುವ ತಿಂಗಳುಗಳಲ್ಲಿ ಈ ಸೀಮೆಯ ಮಂದೆಗಳಲ್ಲಿ ಒಂದು ದೊಡ್ಡ ಪಾಲು ಊರಲ್ಲೇ ಇರುವುದಿಲ್ಲ. ಅವು ತಿನ್ನದೆ ಬಿಟ್ಟುಹೋದ ಹುಲ್ಲು ಇರುತ್ತದೆ.

ಬೆಂಕಿಯ ಲೆಕ್ಕವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಾಡ್ಗಿಚ್ಚಿನ ಭಾಷೆಯಲ್ಲಿ ಒಣಹುಲ್ಲು ಅತಿ ಸಣ್ಣ ಇಂಧನ. ಬಿಸಿಲು ಬಿದ್ದ ಒಂದು ಗಂಟೆಯೊಳಗೆ ಅದರ ತೇವ ಹಾರುತ್ತದೆ. ಹುಲ್ಲು ದಟ್ಟವಿದ್ದಷ್ಟೂ ಜ್ವಾಲೆ ಎತ್ತರ. ಜ್ವಾಲೆ ನಾಲ್ಕು ಅಡಿ ಮೀರದಿದ್ದರೆ ಕೈಯಲ್ಲಿ ಸೊಪ್ಪು, ಸಲಿಕೆ ಹಿಡಿದವರು ಎದುರಿಗೆ ನಿಂತು ಬಡಿದು ಆರಿಸಬಹುದು, ಮೀರಿದರೆ ಹತ್ತಿರ ಸುಳಿಯುವಂತಿಲ್ಲ ಎಂಬುದು ಅಮೆರಿಕದ ಅಗ್ನಿಶಾಮಕರ ಹಳೆಯ ಅಳತೆ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಓಟ ಸುಮಾರು ದುಪ್ಪಟ್ಟು. ಹೀಗಾಗಿ ಮಂದೆಯಿಂದ ನಾವು ಕೇಳಬೇಕಾದದ್ದು ಬೆಂಕಿಯೇ ಬೀಳದಂತೆ ಮಾಡು ಎಂದಲ್ಲ. ಬಿದ್ದ ಬೆಂಕಿ ಸೊಂಟ ಮೀರದಂತೆ ಮಾಡಿದರೆ ಸಾಕು. ಉಳಿದದ್ದನ್ನು ಹೊಂಗೆ ಸೊಪ್ಪು ಹಿಡಿದ ನಾಲ್ಕು ಜನ ನೋಡಿಕೊಳ್ಳುತ್ತಾರೆ.

ಅಷ್ಟು ಕೆಲಸಕ್ಕೆ ಎಷ್ಟು ಕುರಿ ಬೇಕು? ಮೂವತ್ತು ಕಿಲೊ ತೂಕದ ಕುರಿ ದಿನಕ್ಕೆ ಒಣ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಕಿಲೊ ಮೇವು ತಿನ್ನುತ್ತದೆ. ಒಳ್ಳೆಯ ಮಳೆಯ ವರ್ಷ ತಪ್ಪಲಿನ ಒಂದು ಎಕರೆಯಲ್ಲಿ 600 ಕಿಲೊ ಹುಲ್ಲು ಬಂತೆಂದು ಊಹಿಸಿ, ಅದರಲ್ಲಿ ಅರ್ಧ ಕಳೆದರೆ ಸಾಕೆಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರ್ ಉದ್ದ, ಮೂವತ್ತು ಮೀಟರ್ ಅಗಲದ ಪಟ್ಟಿ ಎಂದರೆ ಏಳೂವರೆ ಎಕರೆಗೆ ತುಸು ಕಡಿಮೆ. 200 ಕುರಿಯ ಮಂದೆ ಆ ಪಟ್ಟಿಯಲ್ಲೇ ನಿಂತು ಮೇಯ್ದರೆ ಸುಮಾರು ಹನ್ನೊಂದು ದಿನದ ಕೆಲಸ. ತುಳಿತದಲ್ಲಿ ಮುರಿದು ನೆಲಕ್ಕೆ ಬೀಳುವ ಹುಲ್ಲು ಬೇರೆ. ಇದು ಕಾಗದದ ಲೆಕ್ಕ, ನಿಜ. ಆದರೂ ಒಂದು ಮಂದೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯೊಳಗೆ ಮೂರ್ನಾಲ್ಕು ಕಿಲೋಮೀಟರ್ ಪಟ್ಟಿ ತೆಳುಮಾಡಬಹುದು ಎಂಬ ಅಂದಾಜಾದರೂ ಸಿಗುತ್ತದೆ. ಇಡೀ ಬೆಟ್ಟವನ್ನು ಮೇಯಿಸುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಮಧುಗಿರಿ, ಚನ್ನರಾಯನದುರ್ಗ, ನಿಡಗಲ್ಲಿನಂಥ ಕಡೆ ಬಂಡೆಯೇ ಬೆಂಕಿಗೆ ಗೋಡೆ. ಗೋಡೆ ಮುರಿದಿರುವ ತಪ್ಪಲು, ಕಣಿವೆಬಾಯಿ, ರಸ್ತೆಯಂಚು, ನೆಡುತೋಪಿನ ಅಂಚುಗಳಲ್ಲಿ ಮಂದೆ ನಿಲ್ಲಬೇಕು.

ಹೊರಗಿನ ಅನುಭವ ಈ ಅಂದಾಜಿಗೆ ಬಲ ಕೊಡುತ್ತದೆ, ಮಿತಿಯನ್ನೂ ತೋರಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಸ್ತರಣಾ ವಿಜ್ಞಾನಿಗಳು 2017ರ ಅಂಕಿಅಂಶ ಹಿಡಿದು ಲೆಕ್ಕ ಹಾಕಿದಾಗ, ಆ ರಾಜ್ಯದ ಹುಲ್ಲುಗಾವಲುಗಳಲ್ಲಿ ದನಗಳು ಒಂದೇ ವರ್ಷಕ್ಕೆ 1,160 ಕೋಟಿ ಪೌಂಡ್ ಹುಲ್ಲು ತಿಂದಿದ್ದವು, ಮೇಯ್ದ ಎಕರೆಗೆ ಸರಾಸರಿ 596 ಪೌಂಡ್. ಆ ಹುಲ್ಲು ಉಳಿದಿದ್ದರೆ ಅನೇಕ ಕಡೆ ಜ್ವಾಲೆ ನಾಲ್ಕಡಿ ದಾಟುತ್ತಿತ್ತು ಎಂಬುದು ಅವರ ತೀರ್ಮಾನ. ಅಲ್ಲಿ ಊರಂಚಿನ ಗುಡ್ಡಗಳಿಗೆ ಮೇಕೆ ಬಾಡಿಗೆಗೆ ಕೊಡುವುದೇ ಈಗ ಒಂದು ಕಸುಬು.

ಸ್ಪೇನಿನ ಆಂಡಲೂಸಿಯ ಪ್ರಾಂತ್ಯದ ಏರ್ಪಾಡು ನಮಗೆ ಇನ್ನೂ ಹತ್ತಿರದ್ದು. 2005ರಲ್ಲಿ ಶುರುವಾದ ಅಲ್ಲಿಯ ಯೋಜನೆಯಲ್ಲಿ ಸರ್ಕಾರಿ ಕಾಡಿನ ಬೆಂಕಿ ರೇಖೆಗಳನ್ನು, ಅಂದರೆ ಬೆಂಕಿ ದಾಟದಂತೆ ಸವರಿಟ್ಟ ಪಟ್ಟಿಗಳನ್ನು, ಕುರುಬರಿಗೆ ಹಂಚಲಾಗುತ್ತದೆ. ಇಳಿಜಾರು ಎಷ್ಟು, ಪೊದೆ ಎಂಥದ್ದು, ಕೊಟ್ಟಿಗೆಯಿಂದ ಎಷ್ಟು ದೂರ ಎಂದು ನೋಡಿ ಹೆಕ್ಟೇರಿಗೆ 42ರಿಂದ 90 ಯೂರೊವರೆಗೆ ಸಂಭಾವನೆ. ಬೇಸಿಗೆಗೆ ಮುಂಚೆ ಅಧಿಕಾರಿ ಬಂದು ಎಷ್ಟು ಮೇಯ್ದಿದೆ ಎಂದು ಅಳೆಯುತ್ತಾನೆ. ಮೇಯ್ದದ್ದು ಕಡಿಮೆಯಾದರೆ ದುಡ್ಡೂ ಕಡಿಮೆ. ಯಂತ್ರದಿಂದ ಸವರುವುದಕ್ಕಿಂತ ಇದು ಅಗ್ಗ ಎಂದು ಕಂಡಿದೆ. ಕೆಟಲೋನಿಯದಲ್ಲಿ ಇನ್ನೊಂದು ಜಾಣತನ: ಬೆಂಕಿ ತಡೆಯಲು ಮೇಯ್ದ ಮಂದೆಯ ಮಾಂಸಕ್ಕೆ, ಗಿಣ್ಣಿಗೆ ಬೇರೆಯದೇ ಮುದ್ರೆ ಹಾಕಿ ಮಾರುತ್ತಾರೆ. ಪೋರ್ಚುಗಲ್ 2017ರ ಜೂನ್‌ನಲ್ಲಿ ಪೆಡ್ರೋಗಾವ್ ಗ್ರಾಂಡೆಯ ಬೆಂಕಿಗೆ 66 ಜನರನ್ನು ಕಳೆದುಕೊಂಡ ಮೇಲೆ ಮೇಕೆಗಳತ್ತ ತಿರುಗಿತು. ಹಳ್ಳಿ ಖಾಲಿಯಾಗಿ, ಮೇಯಿಸುವವರು ಇಲ್ಲದೆ ಪೊದೆ ಬೆಳೆದದ್ದು ಆ ಬೆಂಕಿಗೆ ಒಂದು ಕಾರಣವಾಗಿತ್ತು.

ಆಸ್ಟ್ರೇಲಿಯ ಮಾತ್ರ ಈ ಉತ್ಸಾಹಕ್ಕೆ ತಣ್ಣೀರು ಎರಚುತ್ತದೆ. ವಿಕ್ಟೋರಿಯ ರಾಜ್ಯದ ಎತ್ತರದ ಮಲೆಗಳಲ್ಲಿ, ದನ ಮೇಯ್ದರೆ ಬೆಂಕಿ ತಗ್ಗುತ್ತದೆ ಎಂಬುದು ದನಗಾರರ ಪ್ರಾಸಬದ್ಧ ಘೋಷಣೆಯೇ ಆಗಿತ್ತು. 2003ರ ದೊಡ್ಡ ಬೆಂಕಿಯ ನಂತರ ವಿಜ್ಞಾನಿಗಳು ಮೇಯ್ದ ಮತ್ತು ಮೇಯದ ಪ್ರದೇಶಗಳನ್ನು ಹೋಲಿಸಿ 2006ರಲ್ಲಿ ವರದಿ ಮಾಡಿದರು. ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಲ್ಲಿ ಉರಿದದ್ದು ಹೆಚ್ಚಾಗಿ ಪೊದೆ, ದನ ತಿನ್ನುವುದು ಹುಲ್ಲು. ಉರಿಯುವುದನ್ನೇ ತಿನ್ನದ ಪ್ರಾಣಿ ಬೆಂಕಿಗೆ ಏನು ಮಾಡೀತು? ನಮ್ಮ ಬಂದರಿಕೆಯ ಗುಡ್ಡಗಳಿಗೂ, ಅದಕ್ಕಿಂತ ಹೆಚ್ಚಾಗಿ ಬಂಡೀಪುರಕ್ಕೂ ಈ ಪಾಠ ನೇರವಾಗಿ ಅನ್ವಯಿಸುತ್ತದೆ.

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಉಪಗ್ರಹದ ಅಂದಾಜಿನ ಪ್ರಕಾರ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ದನ ಬಿಡದ್ದರಿಂದಲೇ ಹೀಗಾಯಿತು ಎಂಬ ಮಾತು ಆಗ ಊರಂಚಿನಲ್ಲಿ ಕೇಳಿಬಂತು. ಆದರೆ ಆ ಕಾಡಿನ ಕೆಳಪದರವನ್ನು ಆಕ್ರಮಿಸಿರುವುದು ಲಂಟಾನ, ನಮ್ಮ ಕಡೆ ಕೆಲವರು ರೋಜಾಗಿಡ ಎನ್ನುವುದು. ಅದನ್ನು ತಿಂದ ದನಕುರಿಯ ಈಲಿ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮಂದೆ ಬಿಟ್ಟು ಲಂಟಾನ ಕಳೆಯುವ ಯೋಚನೆಯೇ ವ್ಯರ್ಥ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು ಎಣಿಸಿದಂತೆ 1997ರಲ್ಲಿ ನೂರಕ್ಕೆ 41 ತಾಕುಗಳಲ್ಲಿದ್ದ ಲಂಟಾನ 2008ಕ್ಕೆ 81ರಲ್ಲಿ ಕಾಣಿಸಿತು. ಅಲ್ಲಿಯ ಸೋಲಿಗರು ಬೇರೆ ಕಾರಣ ಕೊಡುತ್ತಾರೆ. ಮೊದಲು ಜನವರಿ ಸುಮಾರಿಗೆ, ನೆಲದ ತರಗು ಇನ್ನೂ ಪೂರ್ತಿ ಒಣಗುವ ಮುಂಚೆ, ಅವರು ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲು ಮಟ್ಟದ ಆ ಬೆಂಕಿ ನೆಲ ಸವರಿ ಹೋಗುತ್ತಿತ್ತು, ದೊಡ್ಡ ಮರಕ್ಕೆ ತಗಲುತ್ತಿರಲಿಲ್ಲ. ವನ್ಯಧಾಮವಾದ ಮೇಲೆ ಅದು ನಿಂತಿತು, ಪೊದೆ ಬೆಳೆಯಿತು, ಈಗ ಬೆಂಕಿ ಬಿದ್ದರೆ ಏಪ್ರಿಲ್‌ನಲ್ಲಿ ಮರದ ತುದಿಗೇರುತ್ತದೆ ಎನ್ನುವುದು ಅವರ ವಾದ. ಮಂದೆಯ ಮಾತಿಗೂ ಇದಕ್ಕೂ ನಂಟು ಇರುವುದು ಒಂದೇ ಕಡೆ, ಹೊತ್ತು ನೋಡಿ ಇಂಧನ ಕಳೆಯುವುದರಲ್ಲಿ.

ಈಗ ಆರೋಪಕ್ಕೆ ಬರೋಣ. ಕುರಿಗಾಹಿ ಬೆಂಕಿ ಹಚ್ಚುತ್ತಾನೆಯೇ? ಹಚ್ಚುತ್ತಾನೆ, ಕೆಲವು ಸಲ. ಒಣಕಡ್ಡಿ ಸುಟ್ಟ ಜಾಗದಲ್ಲಿ ಒಂದು ಹದಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಹಸಿರು ಗರಿ ಬರುತ್ತದೆ, ಬೇಸಿಗೆಯಲ್ಲಿ ಅದು ಬಂಗಾರ. ಆದರೆ ಈ ಬೆಟ್ಟಗಳಿಗೆ ಬೆಂಕಿ ಹೋಗುವ ದಾರಿಗಳು ಹಲವು: ಬದುವಿನ ಕಳೆ ಸುಡುವಾಗ ಕೈತಪ್ಪಿದ್ದು, ಜೇನು ಕೀಳುವವರ ಹೊಗೆ, ಚಾರಣಕ್ಕೆ ಬಂದವರ ಸಿಗರೇಟು, ಜಾತ್ರೆಯ ಒಲೆ, ವಿದ್ಯುತ್ ತಂತಿಯ ಕಿಡಿ, ಸುಮ್ಮನೆ ಹಚ್ಚಿ ನೋಡುವ ಚಟ. ಬೆಟ್ಟ ಸುಟ್ಟರೆ ಮಳೆ ಬರುತ್ತದೆ ಎನ್ನುವವರೂ ಇದ್ದಾರೆ. ಇನ್ನೊಂದು ಮಾತು: ಹುಲ್ಲು ಮಾಗುವ ಮುಂಚೆ ಗುಡ್ಡ ಮೇಯಿಸಲು ಅನುಮತಿ ಇದ್ದವನಿಗೆ, ಬೇಸಿಗೆಯಲ್ಲಿ ಅದೇ ಗುಡ್ಡವನ್ನು ಸುಡುವ ಅಗತ್ಯ ಕಡಿಮೆ. ಸುಡುವ ಹುಲ್ಲೇ ಅಲ್ಲಿ ಉಳಿದಿರುವುದಿಲ್ಲ. ಕದ್ದು ಮೇಯಿಸುವವನ ಕಥೆ ಬೇರೆ. ಅವನು ಗಾರ್ಡ್ ಬಾರದ ಹೊತ್ತು ನೋಡಿ ನುಗ್ಗುತ್ತಾನೆ, ಎಲ್ಲಿ ಮೇಯಬೇಕೋ ಅಲ್ಲಿ ಮೇಯಿಸುವುದಿಲ್ಲ, ಎಲ್ಲಿ ಕಾಣಿಸುವುದಿಲ್ಲವೋ ಅಲ್ಲಿ ಮೇಯಿಸುತ್ತಾನೆ.

ಹೊತ್ತು ನೋಡಿ ಮೇಯಿಸುವ ಬುದ್ಧಿ ಈ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದದ್ದು, ತನ್ನ ಮೇವಿನ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಬೇರೆ ಬೇರೆ ಇಟ್ಟಿತ್ತು. ಒಂದು ಕಾವಲು ಮೇಯುವಾಗ ಇನ್ನೊಂದು ಬಿಡುವು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಇದ್ದ ಈ ಕಾವಲುಗಳಲ್ಲಿ ಈಗ ಉಳಿದಿರುವುದು ಅಲ್ಪಭಾಗ. ನೆರೆಯ ಚಳ್ಳಕೆರೆಯಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋದ ಮೇಲೆ ಆ ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಶಿರಾ ಸೀಮೆಯ ಕಾಡುಗೊಲ್ಲರಿಗೆ ಕಳುವರಹಳ್ಳಿಯ ಜುಂಜಪ್ಪ ದನ ಕಾಯ್ದ ವೀರ. ಅವನ ಕಾವ್ಯ ಹಾಡುವವರ ಹಟ್ಟಿಯ ಸುತ್ತ ಈಗ ದನ ಕಾಯಲು ಜಾಗ ಹುಡುಕಬೇಕು.

ಗೋಮಾಳದ ಸ್ಥಿತಿಯೂ ಇದೇ. ಭೂಕಂದಾಯ ನಿಯಮದ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಮೀಸಲಿರಬೇಕು. ಬಗರ್‌ಹುಕುಂ ಅರ್ಜಿ, ನಿವೇಶನ, ಶಾಲೆ, ಸ್ಮಶಾನ, ಕ್ವಾರಿ ಎಂದು ಕಳೆದು ಉಳಿದದ್ದನ್ನು ಎಣಿಸುವ ಧೈರ್ಯ ಯಾವ ತಹಸೀಲ್ದಾರರಿಗೂ ಇದ್ದಂತಿಲ್ಲ. ಬಯಲಿನ ಮೇವು ಹೋದಷ್ಟೂ ಮಂದೆ ಬೆಟ್ಟ ಹತ್ತುತ್ತದೆ, ಬೆಟ್ಟ ಅರಣ್ಯ ಇಲಾಖೆಯದು.

ಕಾನೂನು ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನು ಆದೇಶ ಹೊರಡಿಸುವವರೂ ಮರೆಯುತ್ತಾರೆ, ವಿರೋಧಿಸುವವರೂ ಮರೆಯುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿ ಮೇಯುವಂತಿಲ್ಲ, ಅಲ್ಲಿಗೆ ಮಾತು ಮುಗಿಯಿತು. ವನ್ಯಧಾಮದಲ್ಲಿ ಮೇಯಿಸುವುದನ್ನು ನಿಯಂತ್ರಿಸುವ, ತಡೆಯುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ಸಂರಕ್ಷಿತ ಮೀಸಲು ಎಂದು ಘೋಷಿಸಿದ ಕಡೆ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಜಾಗವಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನು ಹೆಸರಿಟ್ಟು ಹೇಳುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ವರ್ಷದ ಅರ್ಧ ರೊಪ್ಪ ಕಿತ್ತು ನಡೆಯುವವನು ಆ ಪುರಾವೆಯನ್ನು ಎಲ್ಲಿಂದ ತಂದಾನು?

ಇಷ್ಟಾದರೂ ಕೆಲವು ಕಡೆ ಮಂದೆ ಬೇಡವೇ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಮೀಸಲಾಯಿತು. ಅಲ್ಲಿಯ ಹುಲ್ಲು ಕೃಷ್ಣಮೃಗದ ಅನ್ನ. ನೀಲಗಿರಿ ತೋಪು ಒತ್ತಿಕೊಂಡಿರುವ ಆ ಬಯಲಿನೊಳಗೆ ಕುರಿ ಬಿಟ್ಟರೆ ಅನ್ನದ ಜೊತೆ ರೋಗವನ್ನೂ ಹಂಚಿದಂತೆ. ಕಾಲುಬಾಯಿ ಜ್ವರ, ಹಿರೇಬೇನೆ ಮಂದೆಯಿಂದ ಜಿಂಕೆಗೆ ದಾಟಬಲ್ಲವು. ವನ್ಯಧಾಮದ ಐದು ಕಿಲೋಮೀಟರ್ ಸುತ್ತಿನ ಜಾನುವಾರುಗಳಿಗೆ ಲಸಿಕೆ ಹಾಕಬೇಕೆಂದು ಕಾಯ್ದೆ ಹೇಳುವುದು ಇದಕ್ಕೇ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ನಾಲ್ಕು ಕೊಂಬಿನ ಹುಲ್ಲೆಯೂ ಇರುವ ಆ ಕಾಡಿನ ನಡುವಿಗೆ ಮಂದೆ ಹೋಗಬಾರದು. ತಿಮ್ಲಾಪುರ ವನ್ಯಧಾಮದ ಕರಡಿಗುಹೆಗಳ ಸುತ್ತಲಿಗೂ ಅದೇ ಮಾತು, ಅಲ್ಲಿ ಕುರಿಗಾಹಿಯ ಜೀವಕ್ಕೂ ಅಪಾಯ. ತೋಳ, ಚಿರತೆ ಇರುವ ಈ ಸೀಮೆಯಲ್ಲಿ ಮಂದೆಯನ್ನು ಕಾಡಿನೊಳಗೆ ಕಳಿಸಿ, ಸತ್ತ ಕುರಿಗೆ ಪರಿಹಾರಕ್ಕೆ ಅಲೆಸಿ, ಕೊನೆಗೆ ವಿಷದ ಹಾದಿ ತೋರಿಸುವುದು ಯಾರಿಗೂ ಒಳ್ಳೆಯದಲ್ಲ. ಅಂಚಿನ ಪಟ್ಟಿ ಸಾಕು.

ಹುಲ್ಲು ಸುಟ್ಟರೆ ನಷ್ಟ ಎಂಬ ಮಾತಿನಲ್ಲೂ ಸ್ವಲ್ಪ ಎಚ್ಚರ ಬೇಕು. ಒಣನಾಡಿನ ಬಯಲುಗಳು ಕೆಟ್ಟುಹೋದ ಕಾಡಲ್ಲ, ಹುಲ್ಲು ಮತ್ತು ಚೆದುರಿದ ಮರಗಳ ಸ್ವತಂತ್ರ ವ್ಯವಸ್ಥೆ, ಬೆಂಕಿಯನ್ನೂ ಬಾಯಿಯನ್ನೂ ಸಹಿಸಿಕೊಂಡು ಬಂದದ್ದು ಎಂದು ಬೆಂಗಳೂರಿನ ಎನ್‌ಸಿಬಿಎಸ್‌ನ ಪರಿಸರ ವಿಜ್ಞಾನಿಗಳಾದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು ತೋರಿಸುತ್ತ ಬಂದಿದ್ದಾರೆ. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಇವು ಬಹುಪಾಲು ಬಂಜರು. ಬಂಜರು ಎಂದು ನೀಲಗಿರಿ, ಅಕೇಶಿಯ ನೆಟ್ಟ ಕಡೆಯೇ ಈಗ ಬೆಂಕಿಯ ಭಯ ಹೆಚ್ಚು. ತೋಪಿನಡಿಯ ಎಲೆರಾಶಿಗೆ ಯಾವ ಕುರಿಯೂ ಬಾಯಿ ಹಾಕುವುದಿಲ್ಲ, ಅದನ್ನು ಗುಡಿಸಿಯೇ ತೆಗೆಯಬೇಕು.

ಪಾವಗಡದಲ್ಲಿ ಒಂದು ಹೊಸ ಬಗೆಯ ಹುಲ್ಲುಗಾವಲು ಹುಟ್ಟಿದೆ. ತಿರುಮಣಿ, ವಳ್ಳೂರು, ರಾಯಚೆರ್ಲು ಸುತ್ತಿನ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ನಿಂತಿದೆ. ಜಮೀನಿದ್ದವರಿಗೆ ಎಕರೆಗೆ 21,000 ರೂಪಾಯಿಯಿಂದ ಶುರುವಾದ ವಾರ್ಷಿಕ ಬಾಡಿಗೆ ಸಿಗುತ್ತದೆ. ಜಮೀನಿಲ್ಲದೆ ಬೀಳುಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಸಿಕ್ಕಿದ್ದು ತಂತಿಬೇಲಿ. ಫಲಕಗಳ ಕೆಳಗೆ ನೆರಳು, ಫಲಕ ತೊಳೆದ ನೀರು, ಹುಲ್ಲು ಸೊಂಪು. ಒಣಗಿದ ಮೇಲೆ ಅದೇ ಹುಲ್ಲು ವೈರುಗಳ ಬುಡದಲ್ಲಿ ಇಂಧನ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಸೌರ ಉದ್ಯಾನಗಳಿಗೆ ಕುರಿ ಮಂದೆಯನ್ನು ಗುತ್ತಿಗೆಗೆ ಕರೆಯುವುದು ಈಗ ಮಾಮೂಲು. ಮೇಕೆ ಫಲಕ ಹತ್ತುತ್ತದೆ, ದನ ಮೈಯುಜ್ಜಿ ಕಂಬ ಅಲುಗಿಸುತ್ತದೆ, ಕುರಿ ಸುಮ್ಮನೆ ಕೆಳಗೆ ಮೇಯುತ್ತದೆ. ಕಾಡಿನ ಕಾನೂನಿನ ಗೊಡವೆ ಇಲ್ಲದ, ಬೇಲಿ ಮೊದಲೇ ಇರುವ ಈ ಜಾಗ ಪ್ರಯೋಗಕ್ಕೆ ಎಲ್ಲಕ್ಕಿಂತ ಸುಲಭದ್ದು.

ದುಡ್ಡು ಕೊಟ್ಟು ಕುರಿ ಮೇಯಿಸುವುದೇ ಎಂದು ನಗುವವರು ಶಿರಾ ಕಡೆಯ ಪಟ್ಟನಾಯಕನಹಳ್ಳಿ ಸುತ್ತಿನ ಯಾವುದೇ ರೈತನನ್ನು ಕೇಳಬಹುದು. ಹೊಲಕ್ಕೆ ಮಂದೆ ಹಾಕಿಸುವುದು ಇಲ್ಲಿ ತಲೆತಲಾಂತರದ ವ್ಯವಹಾರ. ಇಷ್ಟು ಕುರಿ, ಇಷ್ಟು ರಾತ್ರಿ, ಇಷ್ಟು ರಾಗಿ ಇಲ್ಲವೇ ಇಷ್ಟು ದುಡ್ಡು, ಮೇಲೆ ಕುರಿಗಾಹಿಗೆ ರಾತ್ರಿಯೂಟ. ಬಲೆ ಕಟ್ಟಿ ಮಂದೆ ತರುಬಿದ ಜಾಗವನ್ನು ರಾತ್ರಿಗೊಂದು ಸಲ ಸರಿಸುತ್ತಾರೆ, ಹಿಕ್ಕೆ ಗಂಜಲ ಹೊಲದ ತುಂಬ ಸಮನಾಗಿ ಬೀಳಲಿ ಎಂದು. ಆಂಡಲೂಸಿಯದ ಅಧಿಕಾರಿಗಳು ಅಳತೆಪಟ್ಟಿ ಹಿಡಿದು ಮಾಡುವ ಕರಾರನ್ನು ಇಲ್ಲಿಯ ರೈತರು ಬದುವಿನ ಮೇಲೆ ಕುಳಿತು ಬಾಯಿಮಾತಿನಲ್ಲೇ ಮುಗಿಸುತ್ತಾರೆ. ರೈತನಿಗೆ ಗೊಬ್ಬರ ಬೇಕು, ಇಲಾಖೆಗೆ ತೆಳು ಹುಲ್ಲು ಬೇಕು. ಇಬ್ಬರಿಗೂ ಬೇಕಿರುವುದು ಮಂದೆ ಹೇಳಿದ ಜಾಗದಲ್ಲಿ ಹೇಳಿದಷ್ಟು ದಿನ ನಿಲ್ಲುವುದು.

ಹೀಗಿರುವಾಗ ಬೆಂಕಿ ರೇಖೆಯ ಒಂದು ಪಾಲನ್ನು ಗ್ರಾಮ ಅರಣ್ಯ ಸಮಿತಿ ಅಥವಾ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘದ ಮೂಲಕ ಗುತ್ತಿಗೆಗೆ ಕೊಡುವುದು ಅಸಾಧ್ಯವೇನಲ್ಲ. ಗಾಂಧಿ ಜಯಂತಿ ಕಳೆದ ಮೇಲೆ ಪಟ್ಟಿ ಗುರುತಿಸಬೇಕು, ಲಸಿಕೆ ಹಾಕಿದ ಮಂದೆಗಷ್ಟೇ ಚೀಟಿ ಕೊಡಬೇಕು, ಕುರಿಯ ಜೊತೆ ನಾಲ್ಕು ಮೇಕೆ ಇರಲಿ. ಬಂದರಿಕೆಯನ್ನು ಮೊದಲು ಮಚ್ಚಿನಿಂದ ಸವರದಿದ್ದರೆ ದುಡ್ಡು ದಂಡ. ಡಿಸೆಂಬರ್ ಮೊದಲ ವಾರ ಹುಲ್ಲಿನ ಎತ್ತರ ಅಳೆದು ಹಣ ಕೊಡಬೇಕು, ಅದೂ ಮಂದೆ ವಲಸೆ ಹೊರಡುವ ಮೊದಲು. ಬಿಲ್ಲು ಪಾಸಾಗುವುದು ಯುಗಾದಿಗೆ ಎಂದರೆ ಮರುವರ್ಷ ಯಾರೂ ಬರುವುದಿಲ್ಲ. ಪಕ್ಕದಲ್ಲೇ ಮೇಯಿಸದ ಒಂದು ಪಟ್ಟಿ ಬಿಟ್ಟು, ಫೆಬ್ರುವರಿಯಲ್ಲಿ ಎರಡನ್ನೂ ಹೋಲಿಸಿದರೆ ಈ ಲೇಖನದ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ. ಸಿದ್ಧರಬೆಟ್ಟದ ದಾರಿಯಂಚು, ದೇವರಾಯನದುರ್ಗದ ರಸ್ತೆಬದಿ ಇದಕ್ಕೆ ತಕ್ಕ ಜಾಗಗಳು.

ಕುರಿ ಕಾಯುವವರ ಕಡೆಯಿಂದ ಬರುವ ಮೊದಲ ಪ್ರಶ್ನೆ ದುಡ್ಡಿನದಾಗಿರಲಾರದು. ತಪ್ಪಲಿನಲ್ಲಿ ನೀರೆಲ್ಲಿದೆ ಎಂದು ಕೇಳುತ್ತಾರೆ. ಹಿಂಗಾರು ಚೆನ್ನಾಗಿ ಆದ ವರ್ಷ ಕಟ್ಟೆಗಳಲ್ಲಿ ನವೆಂಬರ್‌ವರೆಗೆ ನೀರಿರುತ್ತದೆ, ಆಗದ ವರ್ಷ ಹುಲ್ಲೂ ಕಡಿಮೆ, ನೀರೂ ಇಲ್ಲ. ಕಾಡುಪ್ರಾಣಿಗಳಿಗೆಂದು ಇಲಾಖೆ ಟ್ಯಾಂಕರಿನಲ್ಲಿ ತುಂಬಿಸುವ ತೊಟ್ಟಿಗಳು ಬಹುತೇಕ ಕಾಡಿನೊಳಗಿವೆ, ಮಂದೆ ಹೋಗಬಾರದ ಕಡೆ. ಅಂಚಿನ ಪಟ್ಟಿಯಲ್ಲಿ ಎರಡು ಕಿಲೋಮೀಟರಿಗೊಂದು ತೊಟ್ಟಿ ಕಟ್ಟಿಸದೆ ಎಷ್ಟು ಚೀಟಿ ಹಂಚಿದರೂ ಮಂದೆ ಮೂರನೆಯ ದಿನ ಕೆರೆಯ ಕಡೆ ಮುಖ ಮಾಡುತ್ತದೆ.